ಶೆಟ್ಟರ ಉದ್ಯಾನದ ಪತ್ರೊಡೆ

ಉದ್ಯಾನ ವಿನ್ಯಾಸದ ಕೆಲಸಕ್ಕೆ ಹೊಸದಾಗಿ ಇಳಿಯುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂಬುದು. ಮೊದಲು ಆ ಮನೆಯ ಹೆಂಗಸರು ಏನು ಅಡಿಗೆ ಮಾಡುತ್ತಾರೆ ಎಂದು ವಿಚಾರಿಸಿಕೊಳ್ಳಿ, ಆಮೇಲೆ ಸಾಫ್ಟ್‌ವೇರ್ ತೆರೆಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೋ ಏನೋ. ಎಂದುಕೊಳ್ಳಲಿ. ನಾನು ಹಾಗೆ ಹೇಳುವುದರ ಕಾರಣ ನನ್ನ ಗಂಟಲಲ್ಲಿದೆ, ಮತ್ತು ಅದು ನನ್ನೊಬ್ಬಳ ಗಂಟಲಲ್ಲ.

ನಾನು ಧಾರವಾಡದಲ್ಲಿ ತೋಟಗಾರಿಕೆ ಓದಿದವಳು. ಮದುವೆಯಾಗಿ ಠಾಣೆಯ ವರ್ತಕ ನಗರಕ್ಕೆ ಬಂದೆ. ಓದಿದ್ದು ದ್ರಾಕ್ಷಿ, ದಾಳಿಂಬೆ, ಮಾವು. ಸಿಕ್ಕಿದ ಕೆಲಸ ಕುಂಡ. ವಾಗ್ಳೆ ಎಸ್ಟೇಟ್‌ನ ನಮ್ಮ ಕಂಪನಿ ಆಫೀಸುಗಳಿಗೆ ಕುಂಡದ ಗಿಡಗಳನ್ನು ಬಾಡಿಗೆಗೆ ಕೊಡುತ್ತಿತ್ತು. ಅದರ ಮಾಲೀಕರು ಪರಾಂಜಪೆ ಸಾಹೇಬರು. ಅವರು ಮೊದಲು ಬಾತ್‌ರೂಮಿನ ಟೈಲ್ಸ್ ಮಾರುತ್ತಿದ್ದರು. ಅವರ ಕಣ್ಣಿಗೆ ಹುಲ್ಲುಹಾಸು ಕೂಡ ಒಂದು ಬಗೆಯ ಟೈಲ್ಸೇ. ಹೊಸದಾಗಿ ಹುಲ್ಲು ಹಾಸಿದ ಕಡೆಗೆ ಬಂದು, ಬಗ್ಗಿ ನೋಡಿ, ಜಾಯಿಂಟ್ ಕಾಣಿಸುತ್ತಿದೆ ಎಂದು ಮಾಲಿಗಳಿಗೆ ಬೈಯುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಗಿಡ ಬೆಳೆಯುತ್ತದೆ ಎನ್ನುವುದೊಂದನ್ನು ಅವರಿಂದ ಸಹಿಸಲು ಆಗುತ್ತಿರಲಿಲ್ಲ, ಅಷ್ಟೇ.

ಆ ಬಾಡಿಗೆ ಗಿಡಗಳ ಕಾಲದಲ್ಲಿ ನಾನು ಕಲಿತದ್ದು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಒಂದು ಆಫೀಸಿನಲ್ಲಿ ಗಿಡಗಳು ಸಾಯುತ್ತಲೇ ಇದ್ದವು. ವಿಚಾರಿಸಿದರೆ, ಕ್ಯಾಂಟೀನಿನ ಚಹಾ ರುಚಿಸದವರೆಲ್ಲ ಅದನ್ನು ಕುಂಡಕ್ಕೆ ಸುರಿಯುತ್ತಿದ್ದರು. ಸಾಹೇಬರು ಉಪಾಯ ಹೂಡಿ ಅಲ್ಲಿಗೆ ಪ್ಲಾಸ್ಟಿಕ್ ಗಿಡ ಕಳಿಸಿದರು. ಆ ಆಫೀಸಿನ ಪ್ಯೂನ್ ಶ್ರದ್ಧಾವಂತ. ಆತ ಅದಕ್ಕೆ ದಿನವೂ ನೀರು ಹಾಕಿ, ನೀರು ಇಂಗುವುದಿಲ್ಲ ಎಂದು ದೂರು ಬರೆಸಿದ. ದೂರಿನ ವಿಚಾರಣೆಗೆ ಹೋದವಳು ನಾನು. ಪ್ಲಾಸ್ಟಿಕ್ ಎಂದು ಹೇಳಿದಾಗ ಆತನ ಮುಖ ಸಣ್ಣದಾದದ್ದು ನೋಡಿ ನನಗೆ ಪಾಪ ಅನ್ನಿಸಿತು. ಮರುದಿನವೇ ನಿಜವಾದ ಮನಿಪ್ಲಾಂಟ್ ತಂದು ಕೊಟ್ಟೆ.

ಆಮೇಲೆ ನವಿ ಮುಂಬಯಿಯಲ್ಲಿ ಕಟ್ಟಡಗಳು ಏಳತೊಡಗಿದವು, ನಾವೂ ಕುಂಡದಿಂದ ನೆಲಕ್ಕೆ ಇಳಿದೆವು. ಪ್ರತಿ ಬಿಲ್ಡರನಿಗೂ ಗೇಟಿನ ಎದುರು ಸಾಲು ಪಾಮ್ ಬೇಕು, ಅದೂ ಉದ್ಘಾಟನೆಯ ದಿನಕ್ಕೇ ಬೇಕು. ಒಂದು ಕಡೆ ಬೇರು ಹಿಡಿಯಲು ಸಮಯವೇ ಇಲ್ಲದೆ ಮರಗಳನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದೆವು. ಹಗ್ಗ ಕಾಣಬಾರದೆಂದು ಸಾಹೇಬರು ಅದಕ್ಕೆ ಚೆಂಡುಹೂವಿನ ಮಾಲೆ ಸುತ್ತಿಸಿದರು. ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು, ಕತ್ತರಿಸಬೇಕಾದ ಮಾಲೆ ಇದೇ ಇರಬೇಕೆಂದು ಕತ್ತರಿ ಹಾಕಿಬಿಟ್ಟರು. ಮರ ಬಿಲ್ಡರನ ಹೊಸ ಕಾರಿನ ಮೇಲೆ ನಿಧಾನವಾಗಿ, ಬಹಳ ಮರ್ಯಾದೆಯಿಂದ ಮಲಗಿತು. ಯಾರಿಗೂ ಏನೂ ಆಗಲಿಲ್ಲ. ಕಾರಿನ ವಿಷಯ ನಾನು ಹೇಳಲಾರೆ.

ಇಷ್ಟೆಲ್ಲ ಆದಮೇಲೆ ಬಂದವರು ಭೋಜ ಶೆಟ್ಟರು. ಅವರದ್ದು ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಹೋಟೆಲು. ಊರು ಉಡುಪಿಯ ಕಡೆ. ಕಲ್ಯಾಣದಿಂದ ಮುರ್ಬಾಡಿನ ರಸ್ತೆಯಲ್ಲಿ ವಿಶಾಲವಾದ ಜಾಗ ತೆಗೆದುಕೊಂಡು ಫಾರ್ಮ್‌ಹೌಸ್ ಕಟ್ಟಿಸಿದ್ದರು. ಮನೆಯ ಸುತ್ತ ಉದ್ಯಾನ ಆಗಬೇಕಿತ್ತು. ಯಾವುದೋ ವಿದೇಶದ ಅರಮನೆಯ ಚಿತ್ರವಿದ್ದ ಕ್ಯಾಲೆಂಡರ್ ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದರು. ಮೇಜಿನ ಮೇಲೆ ಬಿಡಿಸಿ, ಹೀಗೇ ಆಗಬೇಕು ಎಂದರು. ಕಾರಂಜಿ, ಹುಲ್ಲುಹಾಸು, ಕತ್ತರಿಸಿ ಉಂಡೆ ಮಾಡಿದ ಗಿಡಗಳು, ಕೊಳ. ಅವರ ಷರತ್ತು ಒಂದೇ.

“ತಿನ್ನುವ ಗಿಡ ಒಂದೂ ಬೇಡ ಮೇಡಂ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ನಾನು ತಿನ್ನುವ ವಸ್ತುಗಳ ನಡುವೆಯೇ ಇರುವವ. ತೆಂಗಿನಕಾಯಿ ಕಂಡ್ರೆ ನನಗೆ ಚಟ್ನಿ ಲೆಕ್ಕ ನೆನಪಾಗ್ತದೆ. ಇಲ್ಲಿ ನೋಡ್ಲಿಕ್ಕೆ ಮಾತ್ರ.”

ನನಗೆ ಆ ಮಾತು ಹಿಡಿಸಿತು. ದುಡಿದು ದಣಿದವರ ಆಸೆ ಅದು. ಆದರೆ ಮರುವಾರ ಜಾಗ ನೋಡಲು ಹೋದಾಗ ಶೆಟ್ಟರ ಹೆಂಡತಿ ಸರೋಜಕ್ಕನೂ ಬಂದಿದ್ದರು. ಡೊಂಬಿವಿಲಿಯಲ್ಲಿ ಅವರ ಮನೆ ಮೇಲಿನ ಮಹಡಿಯದು. ಕಿಟಕಿಯ ಗ್ರಿಲ್ಲಿನಲ್ಲಿ ಹಳೆಯ ಪೇಂಟ್ ಡಬ್ಬಿ ಇಟ್ಟು ಬಸಳೆ ಬೆಳೆಸುತ್ತಿದ್ದರಂತೆ. ಕೆಳಗಿನವರ ಒಣಗಿದ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕಿ, ಸೊಸೈಟಿಯ ಮೀಟಿಂಗಿನಲ್ಲಿ ಅವರ ಬಸಳೆಯ ಮೇಲೆ ಠರಾವು ಪಾಸಾಗಿ, ಡಬ್ಬಿ ಇಳಿಸಬೇಕಾಯಿತಂತೆ. ಇದನ್ನು ಹೇಳುವಾಗ ಅವರು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತಿದ್ದರು. ಶೆಟ್ಟರು ದೂರದಲ್ಲಿ ಕಾರಂಜಿಯ ಜಾಗವನ್ನು ಸಾಹೇಬರಿಗೆ ತೋರಿಸುತ್ತಿದ್ದರು.

“ಮೇಡಂ, ನನಗೊಂದು ಚಪ್ಪರಕ್ಕೆ, ಎರಡು ಮಡಿ ಸೊಪ್ಪಿಗೆ ಜಾಗ ಇಟ್ಟುಕೊಡಿ” ಎಂದರು. “ನಾನು ಕೇಳಿದೆ, ಇವರು ಬೇಡ ಹೇಳಿದ್ರು. ನೀವು ಚಿತ್ರದಲ್ಲಿ ಬರೆದ್ರೆ ಸೈ ಹೇಳ್ತಾರೆ. ಇಷ್ಟು ಜಾಗದಲ್ಲಿ ನಂದು ಅಂತ ಒಂದು ಮಡಿ ಇಲ್ಲದಿದ್ರೆ, ನನಗೆ ಇದೂ ಒಂದು ಹೋಟ್ಲೇ.”

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ನಾನು ಕೂಡ ದಾಳಿಂಬೆ ಓದಿ ಕುಂಡ ಹೊತ್ತವಳಲ್ಲವೇ. ಆಗಲಿ ಎಂದು ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಮೊದಲ ನಕ್ಷೆಯಲ್ಲಿ ಮನೆಯ ಹಿಂದುಗಡೆ ಅವರಿಗೆ ಜಾಗ ಬಿಟ್ಟಿದ್ದೆ. ಶೆಟ್ಟರಿಗೆ ಅಲ್ಲಿ ಈಜುಕೊಳ ಬೇಕೆನ್ನಿಸಿತು. ಪಕ್ಕಕ್ಕೆ ಸರಿಸಿದೆ; ಅಲ್ಲಿ ಪರಾಂಜಪೆ ಸಾಹೇಬರು ಅಮೃತಶಿಲೆಯ ಮಂಟಪ ತಂದು ಕೂರಿಸಿದರು. ಬೇಲಿಯ ಮೂಲೆಗೆ ಒಯ್ದೆ. ಅಲ್ಲಿಗೆ ಶೆಟ್ಟರ ಗೆಳೆಯರೊಬ್ಬರು ಸಿಮೆಂಟಿನ ಜಿರಾಫೆ ಉಡುಗೊರೆ ಕೊಟ್ಟರು. ಅದರ ಕುತ್ತಿಗೆಗೆ ಆಕಾಶ ಸಾಕಾಗಿತ್ತು, ಆದರೆ ಕಾಲಿಗೆ ನೆಲ ಬೇಕಲ್ಲ. ಅಷ್ಟು ಹೊತ್ತಿಗೆ ಟ್ರೇಸಿಂಗ್ ಪೇಪರಿನ ಕಾಲ ಮುಗಿದು ಕಂಪ್ಯೂಟರ್ ಬಂದಿತ್ತು. ಮೊದಲು ಗಿಡವೊಂದನ್ನು ಅಳಿಸಲು ಬ್ಲೇಡಿನಿಂದ ಕೆರೆಯಬೇಕಿತ್ತು, ಹಾಗಾಗಿ ಅಳಿಸುವ ಮುಂಚೆ ಜನ ಯೋಚಿಸುತ್ತಿದ್ದರು. ಈಗ ಸಾಹೇಬರು ಒಂದು ಬೆರಳಿನಲ್ಲಿ ಸರೋಜಕ್ಕನ ಚಪ್ಪರವನ್ನು ಅಳಿಸಿ ಚಹಾ ಕುಡಿಯುತ್ತಿದ್ದರು.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ. ಪ್ರತ್ಯೇಕ ಜಾಗ ಕೇಳಿದರೆ ತಾನೇ ಕಸಿದುಕೊಳ್ಳುವುದು? ಜಾಗ ಕೇಳುವುದೇ ಬೇಡ, ಇಡೀ ಉದ್ಯಾನದಲ್ಲೇ ಸರೋಜಕ್ಕನ ಗಿಡಗಳನ್ನು ಹಂಚಿಬಿಡುತ್ತೇನೆ ಎಂದುಕೊಂಡೆ. ಸಾಹೇಬರಿಗೆ ಲ್ಯಾಟಿನ್ ಹೆಸರೆಂದರೆ ಪ್ರಾಣ. ಕೊಟೇಶನ್ನಿಗೆ ತೂಕ ಬರುತ್ತದೆ ಎನ್ನುತ್ತಿದ್ದರು. ಕಾಲುದಾರಿಯ ಅಂಚಿಗೆ ‘ಸೆಂಟೆಲ್ಲಾ ಏಷಿಯಾಟಿಕಾ’ ಎಂದು ಬರೆದೆ. ಅದು ನಮ್ಮ ಒಂದೆಲಗ. ಮಂಟಪದ ಸುತ್ತಿನ ಬೇಲಿಗೆ ‘ಮುರಾಯಾ ಕೊನಿಗಿ’ ಎಂದು ಬರೆದೆ, ಅದು ಒಗ್ಗರಣೆಯ ಕರಿಬೇವು. ಕಬ್ಬಿಣದ ಕಮಾನುಗಳ ಮೇಲೆ ಹಬ್ಬಿಸಲು ಕೆಂಪು ದಂಟಿನ ಬಸಳೆ, ಅದರ ಹೆಸರು ‘ಬಸೆಲ್ಲಾ ರೂಬ್ರಾ’. ಶೆಟ್ಟರು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ ಕೇಳಿದರು. ಬಹಳ ಖುಷಿಪಟ್ಟರು. ಇವೆಲ್ಲ ನಮ್ಮ ಹವೆಗೆ ಬದುಕುತ್ತವೆಯೇ ಎಂದು ಚಿಂತೆಯಿಂದ ಕೇಳಿದರು. ಬದುಕುತ್ತಾವ್ರಿ ಶೆಟ್ಟರ, ನಾ ಜವಾಬ್ದಾರಿ ಎಂದೆ. ಸರೋಜಕ್ಕನಿಗೆ ಮಾತ್ರ ಕಿವಿಯಲ್ಲಿ ನಿಜ ಹೇಳಿದೆ.

ಇದು ಮೋಸವೇ ಎಂದು ನೀವು ಕೇಳಬಹುದು. ಗಿಡಕ್ಕೆ ಅದರ ನಿಜವಾದ ಹೆಸರು ಬರೆಯುವುದು ಮೋಸವಾದರೆ ಕಾಲೇಜು ಮುಚ್ಚಬೇಕಾಗುತ್ತದೆ. ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಕೊಳದ ಸುತ್ತ ಮಾತ್ರ ಸಾಹೇಬರ ಆಯ್ಕೆ. ಯಾವುದೋ ದೊಡ್ಡ ನರ್ಸರಿಯಿಂದ ಆನೆಕಿವಿಯಷ್ಟು ಅಗಲದ ಎಲೆಯ ಅಲಂಕಾರದ ಗಿಡ ತರಿಸಿದರು. ಕಪ್ಪು ದಂಟು, ಮಿರುಗುವ ಹಸಿರು ಎಲೆ, ಬಿಳಿಯ ನರ. ನೋಡಲು ಚೆನ್ನಾಗಿಯೇ ಇತ್ತು. ಕೆಸುವಿನ ದೂರದ ಸಂಬಂಧಿ, ಆದರೆ ತಿನ್ನುವ ಜಾತಿಯಲ್ಲ. ರಸ ತಾಗಿದರೆ ತುರಿಸುತ್ತದೆ, ಬರಿಗೈಯಲ್ಲಿ ಕೊಯ್ಯಬೇಡ ಎಂದು ಮಾಲಿ ಶಾಂತಾರಾಮನಿಗೆ ಹೇಳಿದ್ದೆ.

ಮಳೆಯ ಜೋರು ಕಳೆಯಿತು. ಉದ್ಯಾನ ನಾನು ಅಂದುಕೊಂಡದ್ದಕ್ಕಿಂತ ಸೊಂಪಾಗಿ ಬಂತು. ಚೌತಿ ಮುಗಿದ ಮೇಲೆ ಶೆಟ್ಟರು ಉದ್ಘಾಟನೆ ಇಟ್ಟುಕೊಂಡರು. ಹೋಟೆಲಿನವರು, ನೆಂಟರು, ಅವರ ಸಂಘದ ಅಧ್ಯಕ್ಷರು, ಎಲ್ಲರಿಗೂ ಆಮಂತ್ರಣ. ಹಿಂದಿನ ದಿನವೇ ಶೆಟ್ಟರ ಇಬ್ಬರು ತಂಗಿಯರು ವಾಶಿಯಿಂದ ಬಂದು ಫಾರ್ಮ್‌ಹೌಸಿನಲ್ಲಿ ಉಳಿದಿದ್ದರು. ಸರೋಜಕ್ಕ ಅವರನ್ನು ಉದ್ಯಾನದಲ್ಲೆಲ್ಲ ಸುತ್ತಿಸಿದರು. ಹೆಮ್ಮೆ ತಡೆಯಲಾಗಲಿಲ್ಲ. ಅಣ್ಣನಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡು ಗುಟ್ಟು ಬಿಟ್ಟರು: ಹೆಸರು ಮಾತ್ರ ದೊಡ್ಡದು, ಗಿಡವೆಲ್ಲ ನಮ್ಮದೇ, ತಿನ್ನುವಂಥದ್ದೇ. ಹೀಗೆ ಹೇಳಿ, ಕೊಳದ ಗಿಡ ಬೇರೆ ಎನ್ನುವುದನ್ನು ಮರೆತು, ಸೀರೆ ಒಡವೆ ತರಲು ಡೊಂಬಿವಿಲಿಗೆ ಹೋದರು.

ತಂಗಿಯರು ಸುಮ್ಮನಿರಬೇಕಲ್ಲ. ಕೊಳದ ಹತ್ತಿರ ಬಂದವರಿಗೆ ಆ ಎಲೆ ಕಂಡಿತು. ಚೌತಿಯ ಆಸುಪಾಸು, ಅಷ್ಟಗಲದ ಎಲೆ, ಕರಾವಳಿಯ ಹೆಂಗಸರು. ಪತ್ರೊಡೆ ಬಿಟ್ಟು ಬೇರೇನು ನೆನಪಾಗುತ್ತದೆ? ಕೆಸುವಿನ ಎಲೆಗೆ ಮಸಾಲೆಯ ಹಿಟ್ಟು ಸವರಿ, ಸುರುಳಿ ಸುತ್ತಿ, ಆವಿಯಲ್ಲಿ ಬೇಯಿಸುವ ತಿಂಡಿ ಅದು. ಅಣ್ಣನಿಗೆ ಅದೆಂದರೆ ಬಹಳ ಇಷ್ಟ. ಅತ್ತಿಗೆ ಎಲ್ಲವೂ ತಿನ್ನುವ ಗಿಡ ಎಂದಿದ್ದಾರಲ್ಲ. ಊರಲ್ಲಿ ಇದ್ದಿದ್ದರೆ ಅವರು ಎಲೆಯನ್ನು ಒಮ್ಮೆ ಮೂಸಿ ನೋಡುತ್ತಿದ್ದರೇನೋ. ವಾಶಿಯ ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಿದ ಎಲೆ ಕೊಂಡು ಅಭ್ಯಾಸವಾದವರು, ತುರಿಸದಿರಲೆಂದು ಧೈರ್ಯಕ್ಕೆ ಹುಣಸೆಹುಳಿ ಸ್ವಲ್ಪ ಹೆಚ್ಚು ಹಾಕಿಕೊಂಡರು.

ಉದ್ಘಾಟನೆಯ ಬೆಳಿಗ್ಗೆ ನಾನು ಹೋದಾಗ ಕೊಳದ ಸುತ್ತ ಬರೀ ದಂಟುಗಳು ನಿಂತಿದ್ದವು. ಶಾಂತಾರಾಮನನ್ನು ಕೇಳಿದರೆ, ಮಾಲಕೀಣಬಾಯಿಯ ನಣಂದರು, ಅಂದರೆ ಸರೋಜಕ್ಕನ ನಾದಿನಿಯರು, ಕೊಯ್ದರು, ನಾನು ಕೈಗವಸು ಕೊಟ್ಟೆ ಎಂದ. ಕೈ ಕಾಪಾಡಿದ್ದೇನೆ ಎಂಬ ಸಮಾಧಾನ ಅವನದು. ನಾನು ಅಡಿಗೆಮನೆಗೆ ಓಡಿದೆ. ಪತ್ರೊಡೆಯನ್ನು ಹೋಳು ಮಾಡಿ, ಎಣ್ಣೆಯಲ್ಲಿ ಕೆಂಪಗೆ ಕಾಯಿಸಿ, ತಟ್ಟೆಗಳಲ್ಲಿ ಜೋಡಿಸುತ್ತಿದ್ದರು. ಕೆಲವು ತಟ್ಟೆ ಆಗಲೇ ಹುಲ್ಲುಹಾಸಿನ ಕಡೆಗೆ ಹೊರಟಿದ್ದವು. ಅದನ್ನ ತಿನ್ನಬ್ಯಾಡ್ರಿ ಎಂದು ಹೇಳಲು ಬಾಯಿ ತೆರೆದೆ. ದೊಡ್ಡ ತಂಗಿ, ಬಂದವರಿಗೆ ಮೊದಲು ರುಚಿ ನೋಡಿಸಬೇಕು ಎಂಬ ಪ್ರೀತಿಯಿಂದ, ತೆರೆದ ಬಾಯಿಗೆ ದೊಡ್ಡ ಹೋಳೊಂದನ್ನು ಇಟ್ಟೇಬಿಟ್ಟರು.

ಸುಳ್ಳು ಹೇಳಬಾರದು, ರುಚಿ ಬಹಳ ಚೆನ್ನಾಗಿತ್ತು. ಅಲ್ಲಿಯೇ ಅಪಾಯ. ನುಂಗಿದ ಮೇಲೆ ಗಂಟಲಲ್ಲಿ ಯಾರೋ ಗರಿಕೆ ಆಡಿಸಿದ ಹಾಗೆ ಶುರುವಾಯಿತು, ಆಮೇಲೆ ಆ ಗರಿಕೆ ಮುಳ್ಳಾಯಿತು. ನಾನು ಹೊರಗೆ ಓಡಿ ಬಂದು ಕೈ ಬೀಸಿದೆ. ಧ್ವನಿ ಹೊರಡಲಿಲ್ಲ. ಪರಾಂಜಪೆ ಸಾಹೇಬರು ನಾನು ಅಭಿನಂದಿಸುತ್ತಿದ್ದೇನೆ ಎಂದು ತಿಳಿದು ತಿರುಗಿ ಕೈ ಬೀಸಿದರು. ಅವರ ತಟ್ಟೆಯಲ್ಲಿ ಪತ್ರೊಡೆಯ ಗುಡ್ಡೆ ಇತ್ತು. ಮರಾಠಿಯವರಿಗೂ ಇದು ಪ್ರಿಯವೇ, ಅವರು ಅಳೂವಡಿ ಎನ್ನುತ್ತಾರೆ.

ಅಧ್ಯಕ್ಷರು ಮೈಕಿನ ಮುಂದೆ ನಿಂತು, ಪರವೂರಿಗೆ ಬಂದು ಬೆವರು ಸುರಿಸಿದ ನಮ್ಮವರು ಎಂದು ಶುರು ಮಾಡಿ ಕೆಮ್ಮಿದರು. ಮುಂದಿನ ಸಾಲು ಕೆಮ್ಮಿತು. ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರಾಗಿ ಗಂಟಲು ಹಿಡಿದುಕೊಂಡರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು, ಸಭೆಯ ಕಣ್ಣಲ್ಲೂ ನೀರು ಬಂತು. ಬೆಳಗಿನಿಂದ ಏನೂ ತಿನ್ನದೆ ಓಡಾಡುತ್ತಿದ್ದ ಭೋಜ ಶೆಟ್ಟರು, ಭಾಷಣ ಇಷ್ಟು ಮನ ಮುಟ್ಟಿದ್ದು ಕಂಡು ತಾವೂ ಕಣ್ಣೊರೆಸಿಕೊಂಡರು. ಆಮೇಲೆ ಯಾರೋ ತಟ್ಟೆ ಅವರ ಕೈಗೂ ಕೊಟ್ಟರು.

ಹೋಟೆಲಿನವನ ಮನೆಯ ಊಟ ಅತಿಥಿಯ ಗಂಟಲು ಹಿಡಿದರೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ವಿಷಯ ತಿಳಿದ ಶೆಟ್ಟರ ಮುಖ ನೋಡಲು ನನಗೆ ಭಯವಾಯಿತು. ಬೆಲ್ಲ ತನ್ನಿ, ಹುಳಿ ನೀರು ತನ್ನಿ ಎಂದು ಕೂಗಾಟ. ಆಗಷ್ಟೇ ರೇಷ್ಮೆ ಸೀರೆ ಉಟ್ಟು ಕಾರಿನಿಂದ ಇಳಿದ ಸರೋಜಕ್ಕ ಕೊಳದ ಕಡೆ ಒಮ್ಮೆ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು. ನಮ್ಮ ಗುಟ್ಟು ಉಳಿಯಬೇಕಾದರೆ ಅವರು ಸುಮ್ಮನೆ ಬೆಲ್ಲ ಹಂಚಿದರೆ ಸಾಕಿತ್ತು. ಅವರು ಹಾಗೆ ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕಣ್ಣೆದುರೇ, ಕಾಲುದಾರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ‘ಸೆಂಟೆಲ್ಲಾ ಏಷಿಯಾಟಿಕಾ’ವನ್ನು ಹಿಡಿ ಹಿಡಿಯಾಗಿ ಕೀಳತೊಡಗಿದರು.

ಸಾಹೇಬರು ಕರ್ಕಶ ಧ್ವನಿಯಲ್ಲಿ, ಬಾರ್ಡರ್ ಹೋಯಿತು, ಜಾಯಿಂಟ್ ಬಿಟ್ಟಿತು ಎಂದು ಮರಾಠಿಯಲ್ಲಿ ನರಳಿದರು. ಸರೋಜಕ್ಕ ತಿರುಗಿ ಕೂಡ ನೋಡಲಿಲ್ಲ. ಕಿತ್ತ ಸೊಪ್ಪನ್ನು ತೊಳೆದು, ಕಾಯಿತುರಿಯೊಂದಿಗೆ ರುಬ್ಬಿಸಿ, ಹಂಡೆಗಟ್ಟಲೆ ಮಜ್ಜಿಗೆಗೆ ಬೆರೆಸಿದರು. ಮಂಟಪದ ಸುತ್ತಿನ ಬೇಲಿಯಿಂದ ಕರಿಬೇವು ತರಿದು ಒಗ್ಗರಣೆ ಕೊಟ್ಟರು. ತಂಬುಳಿ ಸಿದ್ಧವಾಯಿತು. ಸ್ಟೀಲಿನ ಲೋಟಗಳಲ್ಲಿ ಎಲ್ಲರಿಗೂ ಹಂಚಿದರು. ಮಜ್ಜಿಗೆಯಿಂದಲೋ, ಸೊಪ್ಪಿನಿಂದಲೋ, ಅವರ ಕೈಗುಣದಿಂದಲೋ, ಗಂಟಲುಗಳ ತುರಿಕೆ ಒಂದೊಂದಾಗಿ ಇಳಿಯಿತು. ಅಧ್ಯಕ್ಷರು ಇನ್ನೊಂದು ಲೋಟ ಕೇಳಿ, ಇದು ಎಲ್ಲಿಯ ಸೊಪ್ಪು, ಊರು ಬಿಟ್ಟ ಮೇಲೆ ಇಂಥದ್ದು ಕುಡಿದಿರಲಿಲ್ಲ ಎಂದರು.

ಶೆಟ್ಟರು ಲೋಟ ಹಿಡಿದುಕೊಂಡೇ ಅಡಿಗೆಮನೆಗೆ ಬಂದರು. ಅಲ್ಲಿ ನಾನಿದ್ದೆ, ಸರೋಜಕ್ಕ ಇದ್ದರು, ಮೂಲೆಯಲ್ಲಿ ಅಳುತ್ತಿದ್ದ ತಂಗಿಯರಿದ್ದರು. ಉದ್ಯಾನದಲ್ಲಿ ಇಂಥ ಗಿಡ ಎಷ್ಟುಂಟು ಎಂದು ಕೇಳಿದರು. ನಾನು ಒಂದೊಂದೇ ಹೆಸರನ್ನು ಕನ್ನಡದಲ್ಲಿ ಹೇಳಿದೆ. ಬಸಳೆಯ ಹೆಸರು ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ನಾಳೆಯೇ ಎಲ್ಲ ಕಿತ್ತು ಹಾಕಿಸಿ, ಹುಲ್ಲು ಮಾತ್ರ ಇರಲಿ ಎಂದರು.

ಸರೋಜಕ್ಕ ಗಂಡನ ಖಾಲಿ ಲೋಟ ತೆಗೆದುಕೊಂಡು ಮತ್ತೆ ತುಂಬಿಸಿದರು. ಧ್ವನಿ ಏರಿಸಲಿಲ್ಲ.

“ತುರಿಸಿದ್ದು ನಾನು ನೆಡಿಸಿದ ಗಿಡ ಅಲ್ಲ. ನೀವು ನೋಡ್ಲಿಕ್ಕೆ ಅಂತ ತರಿಸಿದ್ದು. ನಾನು ಕೇಳಿದಾಗ ಜಾಗ ಕೊಟ್ಟಿದ್ರೆ ಕೊಳದ ಹತ್ರ ಊರಿನ ಕೆಸು ಇರ್ತಿತ್ತು, ಅಧ್ಯಕ್ಷರು ಪತ್ರೊಡೆಯನ್ನೇ ಇನ್ನೊಂದು ಕೇಳ್ತಿದ್ರು. ಕೀಳುದಾದ್ರೆ ಕೀಳಿ. ಇದನ್ನು ಕುಡಿದು ಮುಗಿಸಿ, ಮತ್ತೆ ಕೀಳಿ.”

ಶೆಟ್ಟರು ನಿಧಾನವಾಗಿ ಕುಡಿದರು. ಅಷ್ಟು ನಿಧಾನವಾಗಿ ಯಾರೂ ತಂಬುಳಿ ಕುಡಿದದ್ದನ್ನು ನಾನು ಕಂಡಿಲ್ಲ. ಲೋಟ ಕೆಳಗಿಟ್ಟು, ಹೊರಗಿನ ದಂಟುಗಳನ್ನು ನೋಡಿದರು. ಆಮೇಲೆ ನನ್ನ ಕಡೆಗಲ್ಲ, ಹೆಂಡತಿಯ ಕಡೆ ತಿರುಗಿ, ಕೊಳದ ಹತ್ತಿರ ಕೆಸು ಬರ್ತದಾ, ಬಿಸಿಲು ಹೆಚ್ಚಾಗುದಿಲ್ವಾ ಎಂದು ಕೇಳಿದರು.  

ಪರಾಂಜಪೆ ಸಾಹೇಬರು ಕೆಲವು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ಆದರೆ ಅಧ್ಯಕ್ಷರು ತಮ್ಮ ಬಂಗಲೆಗೂ ಅಂಥದೇ ಬಾರ್ಡರ್ ಬೇಕೆಂದು ಫೋನ್ ಮಾಡಿದ ಮೇಲೆ ಮತ್ತೆ ಶುರು ಮಾಡಿದರು. ವರ್ಷಗಳು ಹೋದವು. ತಿನ್ನುವ ಗಿಡಗಳ ಉದ್ಯಾನ ಎನ್ನುವುದು ಫ್ಯಾಶನ್ ಆಯಿತು. ಆಫೀಸಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಪರದೆಯ ಮೇಲೆ ಚಿತ್ರ ತೋರಿಸಿ, ಇದು ವಿದೇಶದಲ್ಲಿ ಈಗ ಬಂದಿರುವ ಹೊಸ ವಿಚಾರ ಎಂದು ನನಗೇ ವಿವರಿಸಿದಳು. ಸಾಹೇಬರು ಎದೆಯುಬ್ಬಿಸಿ, ಮುರ್ಬಾಡ್ ರಸ್ತೆಯಲ್ಲಿ ನಾವು ಇದನ್ನು ಯಾವತ್ತೋ ಮಾಡಿದ್ದೇವೆ ಎಂದರು. ಆ ‘ನಾವು’ ಕೇಳಿ ನಾನು ನಗು ತಡೆಯಲು ನೀರು ಕುಡಿಯಬೇಕಾಯಿತು.

ನಿವೃತ್ತಿಯಾದ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಕಾರಂಜಿ ನಿಂತು ಹೋಗಿತ್ತು. ಅದರ ತೊಟ್ಟಿಯಲ್ಲಿ ಪುದೀನ ಇತ್ತು. ಜಿರಾಫೆಯ ಕುತ್ತಿಗೆಗೆ ಹೀರೆಬಳ್ಳಿ ಹಬ್ಬಿತ್ತು. ತಿನ್ನುವ ವಸ್ತು ಕಣ್ಣೆದುರು ಬೇಡ ಎಂದಿದ್ದ ಭೋಜ ಶೆಟ್ಟರು ಬನಿಯನ್ ತೊಟ್ಟು ಬಸಳೆಯ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು, ಬಂದವರಿಗೆಲ್ಲ ಅದರ ಲ್ಯಾಟಿನ್ ಹೆಸರು ಹೇಳುತ್ತಿದ್ದರು. ಸರೋಜಕ್ಕ ಪತ್ರೊಡೆ ತಂದರು. ನಾನು ತಟ್ಟೆ ಹಿಡಿದು ಸ್ವಲ್ಪ ತಡೆದೆ. ಅವರಿಗೆ ನಗು ಬಂತು. ಮೊದಲು ತಾವೇ ಒಂದು ಹೋಳು ತಿಂದು ತೋರಿಸಿದರು.

ಹೊರಡುವಾಗ ಬಾಗಿಲ ಪಕ್ಕದಲ್ಲಿ ಒಂದು ಕುಂಡ ಕಂಡಿತು. ಕಪ್ಪು ದಂಟು, ಮಿರುಗುವ ಎಲೆ, ಬಿಳಿಯ ನರ. ಅದೇ ಆನೆಕಿವಿ. ಧೂಳು ಒರೆಸಿ, ನೀರು ಹಾಕಿ, ಬಹಳ ಜೋಪಾನವಾಗಿ ಇಟ್ಟಿದ್ದರು. ಇದನ್ಯಾಕ ಇಟ್ಕೊಂಡೀರಿ ಸರೋಜಕ್ಕ, ಕಿತ್ತು ಒಗೀಬಾರದೇನ್ರಿ ಎಂದೆ.

“ಅದು ಹೇಗೆ ಮೇಡಂ” ಎಂದರು, ಎಲೆಯ ಅಂಚನ್ನು ಸೆರಗಿನಿಂದ ಒರೆಸುತ್ತಾ. “ನಾನು ಬಾಯಿಬಿಟ್ಟು ಕೇಳಿ ಸಿಗದ ಜಾಗ, ಇದೊಂದು ಸಲ ತುರಿಸಿ ಕೊಡಿಸ್ತಲ್ಲ.”